ಮನೆಗೆ ಪೂಲ್ ಟೇಬಲ್, ಅದಕ್ಕೆ ಎಷ್ಟು ಇಂಚಿನ ಪಾಕೆಟ್?

ಮನೆಗೆ ಪೂಲ್ ಟೇಬಲ್ ತರ್ತೀನಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಎಲ್ಲಿ ಇಡ್ತೀಯಾ? ಪಾಕೆಟ್, ಅಂದರೆ ಬಾಲ್ ಬೀಳುವ ತೂತು, ಎಷ್ಟು ಇಂಚು ಅಂತ ಒಬ್ಬರೂ ಕೇಳಲಿಲ್ಲ. ಜಾಗದ ಪ್ರಶ್ನೆ ಟೇಪ್ ಹಿಡಿದು ಕೂತ ಒಂದು ಸಂಜೆಯಲ್ಲೇ ಬಗೆಹರಿಯಿತು. ತಿಂಗಳುಗಟ್ಟಲೆ ತಲೆ ತಿಂದದ್ದು ಪಾಕೆಟ್ಟು.

ಜಾಗದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಒಂಬತ್ತು ಅಡಿ, ಎಂಟು ಅಡಿ ಅನ್ನುವುದೆಲ್ಲ ಟೇಬಲ್‌ನ ಅಂದಾಜು ಹೆಸರು. ಲೆಕ್ಕಕ್ಕೆ ಬರುವುದು ಆಡುವ ಜಾಗ, ಅಂದರೆ ಒಂದು ಕುಶನ್‌ನ (ಟೇಬಲ್ ಅಂಚಿನ ಒಳಬದಿಯ ರಬ್ಬರ್ ದಿಂಡಿನ) ಮೂಗಿನಿಂದ ಎದುರಿನ ಕುಶನ್‌ನ ಮೂಗಿನವರೆಗೆ. ಒಂಬತ್ತು ಅಡಿಯ ಟೇಬಲ್‌ಗೆ ಅದು 100 × 50 ಇಂಚು. ಎಂಟು ಅಡಿಯಲ್ಲಿ ಎರಡು ಜಾತಿ ಇವೆ. ಮನೆಗೆಂದು ಮಾಡುವುದು ಸಾಮಾನ್ಯವಾಗಿ 88 × 44. ಆಟಗಾರರು 'ಪ್ರೊ ಎಂಟು' ಅನ್ನುವುದು 92 × 46. ನಾಲ್ಕು ಇಂಚು ಏನು ಮಹಾ ಅನ್ನಿಸಬಹುದು. ಎರಡರ ಮೇಲೂ ಆಡಿದವರಿಗೆ ಗೊತ್ತು, ಬಾಲ್‌ಗಳು ಗುಂಪುಗೂಡಿದಾಗ ಆ ನಾಲ್ಕು ಇಂಚಿನಲ್ಲೇ ದಾರಿ ಸಿಗುತ್ತದೆ.

ಬಾಲ್ ಹೊಡೆಯುವ ಕೋಲು, ಅಂದರೆ ಕ್ಯೂ, ಸಾಮಾನ್ಯವಾಗಿ 58 ಇಂಚು ಉದ್ದ. ಕ್ಯೂನಿಂದ ಹೊಡೆಯುವ ಬಿಳಿ ಬಾಲ್ ಕುಶನ್‌ಗೆ ಅಂಟಿ ನಿಂತರೆ ಇಡೀ ಕ್ಯೂ ಹೊರಗೇ ಇರಬೇಕಾಗುತ್ತದೆ. ಅದರ ಮೇಲೆ ಕೈ ಹಿಂದಕ್ಕೆ ಎಳೆಯಲು ಆರು ಇಂಚಾದರೂ ಬೇಕು. ಅಲ್ಲಿಗೆ ಪ್ರತಿ ಬದಿಗೆ 64 ಇಂಚು. ನನ್ನ ಕೋಣೆ ಹದಿನೆಂಟೂವರೆ ಅಡಿ ಉದ್ದ, ಹದಿನೈದು ಅಡಿ ಅಗಲ. ಒಂಬತ್ತು ಅಡಿಯ ಟೇಬಲ್‌ಗೆ ಬೇಕಾದದ್ದು 19 ಅಡಿ ಉದ್ದ, 14 ಅಡಿ 10 ಇಂಚು ಅಗಲ. ಅಗಲ ಸಾಕು, ಉದ್ದಕ್ಕೆ ಅರ್ಧ ಅಡಿ ಕಮ್ಮಿ. ಪ್ರೊ ಎಂಟಕ್ಕೆ 18 ಅಡಿ 4 ಇಂಚು ಮತ್ತು 14 ಅಡಿ 6 ಇಂಚು. ಎರಡು ಇಂಚು ಉಳಿಯಿತು!

ಲೆಕ್ಕ ಸರಿ ಇದ್ದರೂ ಮೈಗೆ ಒಗ್ಗುತ್ತದಾ ಅಂತ ನೋಡಲು ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ 92 × 46ರ ಆಯತ ಎಳೆದೆ. ಅದರ ಅಂಚಿಗೆ ನಿಂತು, ಸೊಂಟ ಬಗ್ಗಿಸಿ, ಗಾಳಿಯಲ್ಲೇ ಕ್ಯೂ ಆಡಿಸಿದೆ. ಮೂರು ಕಡೆ ತೊಂದರೆ ಇಲ್ಲ. ನಾಲ್ಕನೇ ಕಡೆ ಮೊಣಕೈ ಹೋಗಿ ಪುಸ್ತಕದ ಕಪಾಟಿಗೆ ಠಣ್ ಅಂತ ಬಡಿಯಿತು. ಕಪಾಟು ಹಾಲ್‌ಗೆ ಹೋಯಿತು. ಗಿಡ್ಡ ಕ್ಯೂ ಇಟ್ಟುಕೊಂಡು ಒಂಬತ್ತು ಅಡಿಯದ್ದನ್ನೇ ತುರುಕಬಹುದಿತ್ತು ಅನ್ನುವವರಿದ್ದಾರೆ. 48 ಇಂಚಿನ ಕ್ಯೂ ಹಿಡಿದು ಒಂದು ಸಂಜೆ ಆಡಿ ನೋಡಲಿ, ಆಮೇಲೆ ಮಾತಾಡೋಣ.

ಸ್ಲೇಟ್, ಅಂದರೆ ಬಟ್ಟೆಯ ಅಡಿಯ ಕಲ್ಲಿನ ಹಾಸಿನ ಬಗ್ಗೆ ಜಾಸ್ತಿ ಯೋಚಿಸಲಿಲ್ಲ. ಒಂದು ಇಂಚು ದಪ್ಪ, ಮೂರು ತುಂಡು. ಮರದ ಹಲಗೆಯ ಮೇಲೆ ಬಟ್ಟೆ ಹೊದಿಸಿದ ಟೇಬಲ್‌ಗಳೂ ಸಿಗುತ್ತವೆ. ಅವು ತೇವಕ್ಕೆ ಸೊಟ್ಟಗಾಗುತ್ತವೆ. ಮತ್ತೆ ಸರಿ ಮಾಡುವುದು ಕಷ್ಟ. ಕಲ್ಲಿಗೆ ಆ ರಗಳೆ ಇಲ್ಲ.

ಈಗ ಪಾಕೆಟ್. ಹುಡುಕುತ್ತಾ ಹುಡುಕುತ್ತಾ ಒಂದು ಒಳ್ಳೆಯ ಹಳೆಯ ಪ್ರೊ ಎಂಟು ಸಿಕ್ಕಿತು. ಕಾಲು ಗಟ್ಟಿ, ಸ್ಲೇಟ್‌ನಲ್ಲಿ ಬಿರುಕಿಲ್ಲ, ರಬ್ಬರ್ ಇನ್ನೂ ಜೀವಂತ. ಕಾರ್ನರ್ ಪಾಕೆಟ್ ಬಾಯಿ ಮಾತ್ರ ಸರಿಯಾಗಿ 5 ಇಂಚು. ಮನೆ ಬಳಕೆಯ ಟೇಬಲ್‌ಗಳಲ್ಲಿ ಇದು ಸಾಮಾನ್ಯ ಅಳತೆ. ಹೊಸಬರಿಗೆ ಬಾಲ್ ಬೀಳುತ್ತಿದ್ದರೆ ತಾನೇ ಖುಷಿ, ಅದಕ್ಕೆ ತಯಾರಕರು ಬಾಯಿ ದೊಡ್ಡದಾಗಿ ಬಿಡುತ್ತಾರೆ. ವರ್ಲ್ಡ್ ಪೂಲ್-ಬಿಲಿಯರ್ಡ್ ಅಸೋಸಿಯೇಷನ್ನಿನ ನಿಯಮದಲ್ಲಿ ಕಾರ್ನರ್ ಪಾಕೆಟ್ 4½ರಿಂದ 4⅝ ಇಂಚು, ಉದ್ದದ ಬದಿಗಳ ನಡುವಿನ ಸೈಡ್ ಪಾಕೆಟ್ 5ರಿಂದ 5⅛ ಇಂಚು ಅಂತಿದೆ. ಅದಕ್ಕಿಂತಲೂ ಬಿಗಿ ಮಾಡಿಸುವವರಿದ್ದಾರೆ. 4 ಇಂಚಿನ ಪಾಕೆಟ್ ಇಟ್ಟು ನಡೆಸಿದ ದೊಡ್ಡ ಟೂರ್ನಿಗಳೂ ಇವೆ.

ಐದರಿಂದ ನಾಲ್ಕೂವರೆಗೆ ಅರ್ಧ ಇಂಚು ತಾನೇ, ಅದಕ್ಕೆ ಯಾಕಿಷ್ಟು ಜಗಳ ಅಂತ ನನಗೂ ಅನ್ನಿಸಿತ್ತು. ಒಂದು ಕಾಗದ ತಗೊಂಡು ಲೆಕ್ಕ ಹಾಕಿದೆ. ಪೂಲ್ ಬಾಲ್‌ನ ಅಡ್ಡಳತೆ 2¼ ಇಂಚು. ಪಾಕೆಟ್‌ನ ಬಾಯಿ ಎಷ್ಟು ಅಂತ ನೋಡುವುದಕ್ಕಿಂತ, ಬಾಲ್ ಹೋದ ಮೇಲೆ ಎಷ್ಟು ಜಾಗ ಉಳಿಯುತ್ತದೆ ಅಂತ ನೋಡಬೇಕು. ನಮ್ಮ ಗುರಿ ತಪ್ಪಲು ಸಿಗುವ ಸಡಿಲ ಅಷ್ಟೇ. 5 ಇಂಚಿನ ಬಾಯಲ್ಲಿ 2¾ ಇಂಚು ಸಡಿಲ. 4½ರಲ್ಲಿ 2¼. 4ರಲ್ಲಿ 1¾. ಅಂದರೆ ಐದರಿಂದ ನಾಲ್ಕಕ್ಕೆ ಇಳಿದರೆ ಬಾಯಿ ಕಿರಿದಾಗುವುದು ಶೇಕಡಾ 20, ಸಡಿಲ ಹೋಗುವುದು ಶೇಕಡಾ 36. ನಾಲ್ಕು ಅಡಿ ದೂರದಿಂದ ನೇರ ಹೊಡೆತ ಅಂದುಕೊಳ್ಳಿ. ಬಾಲ್ ಎಲ್ಲೂ ತಾಗದೆ ಬೀಳಬೇಕಾದರೆ 5 ಇಂಚಿನ ಪಾಕೆಟ್ ಎಡಕ್ಕೂ ಬಲಕ್ಕೂ ಸುಮಾರು 1.6 ಡಿಗ್ರಿ ತಪ್ಪನ್ನು ಕ್ಷಮಿಸುತ್ತದೆ, 4½ ಇಂಚಿನದ್ದು 1.3 ಡಿಗ್ರಿ, 4 ಇಂಚಿನದ್ದು ಒಂದು ಡಿಗ್ರಿ. ಅರ್ಧ ಇಂಚಿನ ಬೆಲೆ ಅದು.

ಈ ಲೆಕ್ಕದ ಉತ್ಸಾಹದಲ್ಲಿ ಪರಿಚಯದವರ ಟೇಬಲ್‌ಗಳನ್ನೆಲ್ಲ ನೋಡಲು ಹೊರಟೆ. ಜೇಬಲ್ಲಿ ಎರಡು ಬಾಲ್. ಟೇಪ್‌ಗಿಂತ ಇದು ಒಳ್ಳೆಯ ಅಳತೆಗೋಲು. ಪಾಕೆಟ್‌ನ ಬಾಯಲ್ಲಿ, ಎರಡು ಕುಶನ್ ತುದಿಗಳ ನಡುವೆ, ಎರಡು ಬಾಲ್ ಅಕ್ಕಪಕ್ಕ ಇಡಿ. ಎರಡೂ ತುದಿಗೆ ತಾಗಿಯೂ ತಾಗದ ಹಾಗೆ ಕೂತರೆ 4½. ನಡುವೆ ಕಿರುಬೆರಳು ತೂರುವಷ್ಟು ಸಂದಿ ಉಳಿದರೆ 5ರ ಹತ್ತಿರ. ಎರಡೂ ಒಟ್ಟಿಗೆ ಹಿಡಿಸದೇ ಇದ್ದರೆ ಮನೆಯ ಯಜಮಾನರು ಟೂರ್ನಿ ಆಡುವವರು ಅಂತ ತಿಳ್ಕೊಳ್ಳಿ.

ಹೀಗೆ ಸುತ್ತಿದ್ದರಿಂದಲೇ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಎರಡು ಟೇಬಲ್, ಎರಡರಲ್ಲೂ ಬಾಯಿ 4½. ಒಂದರ ಮೇಲೆ ನಾನು ಆರಾಮಾಗಿ ಬಾಲ್ ಹಾಕುತ್ತಿದ್ದೆ. ಇನ್ನೊಂದರ ಮೇಲೆ ಅದೇ ಹೊಡೆತ ಪಾಕೆಟ್‌ನೊಳಗೆ ಹೋಗಿ, ಆ ಕಡೆ ಈ ಕಡೆ ಲಟಪಟ ಬಡಿದು, ಬಾಯಿಗೇ ಬಂದು ನಿಲ್ಲುತ್ತಿತ್ತು. ಎದುರಾಳಿಗೆ ಬಿಟ್ಟಿ ಪಾಯಿಂಟ್. ಮೊದಲು ನನ್ನ ಕೈಯನ್ನೇ ಬೈದುಕೊಂಡೆ. ಆಮೇಲೆ ಮಂಡಿಯೂರಿ ಕೂತು ಪಾಕೆಟ್‌ನ ಒಳಗೆ ಇಣುಕಿ ನೋಡಿದೆ.

ವಿಷಯ ಇರುವುದು ಅಲ್ಲೇ. ಬಾಯಿಯ ಗೆರೆಯಿಂದ ಸ್ಲೇಟ್ ಕೊನೆಯಾಗುವ ಅಂಚಿನವರೆಗೆ ಒಂದು ಕಟ್ಟೆ ಇರುತ್ತದೆ. ಅದನ್ನು ಶೆಲ್ಫ್ ಅನ್ನುತ್ತಾರೆ. ನಿಯಮದ ಪ್ರಕಾರ ಕಾರ್ನರ್‌ನಲ್ಲಿ ಇದು ಒಂದು ಇಂಚಿನಿಂದ 2¼ ಇಂಚಿನವರೆಗೂ ಇರಬಹುದು. ಎಷ್ಟು ವ್ಯತ್ಯಾಸ ನೋಡಿ! ಶೆಲ್ಫ್ ಗಿಡ್ಡವಾಗಿದ್ದರೆ ಬಾಲ್ ಬದಿಗೆ ತಾಗಿದರೂ ಅಷ್ಟರಲ್ಲಿ ಬಿದ್ದೇ ಹೋಗಿರುತ್ತದೆ. ಉದ್ದ ಶೆಲ್ಫ್‌ನಲ್ಲಿ ಬಾಲ್ ಕಲ್ಲಿನ ಮೇಲೇ ಇರುತ್ತದೆ, ಒಂದು ಗೋಡೆಯಿಂದ ಇನ್ನೊಂದಕ್ಕೆ ನೆಗೆಯಲು ಅದಕ್ಕೆ ಸಮಯ ಸಿಗುತ್ತದೆ.

ಇನ್ನೊಂದು, ಕೋನ. ಕುಶನ್‌ನ ತುದಿಯನ್ನು ಪಾಕೆಟ್ ಕಡೆಗೆ ಓರೆಯಾಗಿ ಕೊಯ್ದಿರುತ್ತಾರೆ. ಕಾರ್ನರ್‌ನಲ್ಲಿ ಆ ಕೋನ 135 ಡಿಗ್ರಿ ಇದ್ದರೆ ಎರಡು ಬದಿಗಳೂ ಒಂದಕ್ಕೊಂದು ಸಮಾನಾಂತರ. ನಿಯಮ ಹೇಳುವುದು 142 ಡಿಗ್ರಿ, ಒಂದು ಡಿಗ್ರಿ ಆಚೀಚೆ. ಅಂದರೆ ಬಾಯಿ ಅಗಲ, ಗಂಟಲು ಸ್ವಲ್ಪ ಕಿರಿದು. ಕೋನ ಜಾಸ್ತಿ ಆದಷ್ಟೂ ಗಂಟಲು ಇನ್ನೂ ಕಿರಿದಾಗುತ್ತದೆ. ನನ್ನ ಬಾಲ್ ಉಗುಳುತ್ತಿದ್ದ ಟೇಬಲ್‌ನಲ್ಲಿ ಎರಡೂ ಸೇರಿತ್ತು: ಶೆಲ್ಫ್ ಉದ್ದ, ಗಂಟಲು ಕಿರಿದು. ಬಾಯಿ ಮಾತ್ರ ಅದೇ 4½. ಹಾಗಾಗಿ ಯಾರಾದರೂ 'ನಂದು ನಾಲ್ಕೂವರೆ' ಅಂದರೆ ಈಗ ನಾನು ಸುಮ್ನೆ ತಲೆಯಾಡಿಸಿ ಬಿಡುತ್ತೇನೆ. ಗಂಟಲು ಎಷ್ಟು, ಶೆಲ್ಫ್ ಎಷ್ಟು ಅಂತ ಕೇಳುವವರೆಗೆ ಆ ಮಾತಿಗೆ ಅರ್ಥವಿಲ್ಲ.

ಇದನ್ನು ಅಳೆಯಲು ಉಪಕರಣ ಬೇಡ. ಒಂದು ಬಾಲ್ ಅನ್ನು ಉದ್ದದ ಕುಶನ್‌ಗೆ ಅಂಟಿಸಿ, ಪಾಕೆಟ್‌ನಿಂದ ಮೂರು ಡೈಮಂಡ್ (ಟೇಬಲ್ ಅಂಚಿನ ಮೇಲೆ ಸಮ ಅಂತರದಲ್ಲಿರುವ ಗುರುತುಗಳು) ದೂರ ಇಡಿ. ಮೊದಲು ಮೆತ್ತಗೆ ಹೊಡೆಯಿರಿ. ಬಹುತೇಕ ಎಲ್ಲ ಟೇಬಲ್‌ಗಳೂ ತಗೊಳ್ಳುತ್ತವೆ. ಆಮೇಲೆ ಅದೇ ಹೊಡೆತ ಜೋರಾಗಿ. ಈ ಎರಡರ ನಡುವಿನ ವ್ಯತ್ಯಾಸವೇ ಆ ಪಾಕೆಟ್‌ನ ಸ್ವಭಾವ. ಜೋರಾಗಿ ಹೊಡೆದರೂ ನುಂಗುವ ಪಾಕೆಟ್ ಉದಾರಿ. ಮೆತ್ತಗೆ ಕೊಟ್ಟರೆ ಮಾತ್ರ ತಗೊಳ್ಳುವುದು ಶಿಸ್ತಿನ ಪಾಕೆಟ್. ಮೆತ್ತಗೆ ಕೊಟ್ಟರೂ ಉಗುಳಿದರೆ ಕೊಯ್ತವೇ ಸರಿ ಇಲ್ಲ ಅಂತ. ಅಂಥದ್ದನ್ನು ಕೊಳ್ಳಬೇಡಿ. ಕೊಂಡರೆ ರೈಲ್ (ಕುಶನ್ ಕೂರಿಸಿದ ಅಂಚಿನ ಮರ) ಮತ್ತೆ ಮಾಡಿಸಲು ದುಡ್ಡು ತೆಗೆದಿಡಿ.

ಬಟ್ಟೆಯೂ ಇಲ್ಲಿ ಆಟ ಆಡುತ್ತದೆ. ಹೊಸ ಬಟ್ಟೆ ನುಣುಪು. ಬಾಲ್ ಪಾಕೆಟ್‌ನ ಬದಿಗೆ ತಾಗಿದರೆ ಹಿಡಿತ ಸಿಗದೆ ಒಳಗೆ ಜಾರುತ್ತದೆ. ತಿಂಗಳುಗಳು ಕಳೆದು ಬಟ್ಟೆಯ ಮೆರುಗು ಹೋಗಿ ಸೀಮೆಸುಣ್ಣದ ಪುಡಿ ತುಂಬಿಕೊಂಡ ಮೇಲೆ ಅದೇ ಪಾಕೆಟ್ ಬಿಗಿಯಾದ ಹಾಗೆ ಅನ್ನಿಸುತ್ತದೆ. ಆದ್ದರಿಂದ ಅಂಗಡಿಯಲ್ಲಿ ಹೊಸ ಬಟ್ಟೆ ಹಾಕಿ ಇಟ್ಟ ಟೇಬಲ್ ಮೇಲೆ ಆಡಿ 'ಅಬ್ಬಾ, ಸಲೀಸು' ಅಂದುಕೊಂಡು ಬರಬಾರದು.

ಇಷ್ಟೆಲ್ಲ ತಿಳಿದ ಮೇಲೆ ಯಾವ ಅಳತೆ? ನನಗೆ ಬಿಗಿ ಪಾಕೆಟ್ ಮೇಲೆ ಆಸೆ ಇತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಬಿಗಿ ಪಾಕೆಟ್ ಮೇಲೆ ಅಭ್ಯಾಸ ಮಾಡಿದರೆ ಕ್ಲಬ್‌ನ ಪಾಕೆಟ್ ಬಕೆಟ್ ಥರ ಕಾಣುತ್ತದೆ ಅಂತ ಆಟಗಾರರ ನಡುವೆ ಒಂದು ಮಾತಿದೆ. ಅದರಲ್ಲಿ ನಿಜವೂ ಇದೆ. ಆದರೆ ಅರ್ಧ ನಿಜ. ಪಾಕೆಟ್ ತೀರಾ ಬಿಗಿಯಾದಾಗ ಆಡುವವನು ಬಾಲ್ ಹಾಕುವುದೊಂದನ್ನೇ ಯೋಚಿಸುತ್ತಾನೆ. ಬಿಳಿ ಬಾಲ್ ಎಲ್ಲಿ ಹೋಗಿ ನಿಲ್ಲಬೇಕು ಅನ್ನುವುದು ಮರೆತು ಹೋಗುತ್ತದೆ. ಪಾಕೆಟ್‌ನ ಎಡಬದಿಗೆ ಹಾಕಿ ಕೋನ ಬದಲಿಸುವುದು, ರೈಲ್ ಗುಂಟ ಜೋರಾಗಿ ಹೊಡೆದು ಬಿಳಿ ಬಾಲನ್ನು ಟೇಬಲ್‌ನ ಆ ತುದಿಗೆ ತರುವುದು, ಇಂಥ ಹೊಡೆತಗಳನ್ನು ಪಾಕೆಟ್ ಕೊಡುವುದೇ ಇಲ್ಲ. ಆಟ ಜಾಣತನದಿಂದ ಹೆದರಿಕೆಗೆ ತಿರುಗುತ್ತದೆ. ಪ್ರತಿ ಸರದಿಯೂ ಸೇಫ್ಟಿ, ಅಂದರೆ ಬಾಲ್ ಹಾಕಲು ನೋಡದೆ ಎದುರಾಳಿಗೆ ಕಷ್ಟವಾಗುವ ಹಾಗೆ ಬಿಡುವ ಆಟ.

ಗೆಳೆಯರೊಬ್ಬರು 4¼ ಮಾಡಿಸಿದ್ದರು. ಅವರು ಚೆನ್ನಾಗಿ ಆಡುತ್ತಾರೆ, ಅವರಿಗೆ ಅದು ಸರಿ. ಮನೆಯವರು ಶುರುವಿನಲ್ಲಿ ಆಡಿದರು, ಆಮೇಲೆ ಬಿಟ್ಟರು. ಒಂದು ಆಟ ಮುಗಿಯಲು ಮುಕ್ಕಾಲು ಗಂಟೆ ಹಿಡಿದರೆ ಯಾರಿಗೆ ತಾಳ್ಮೆ? ನಾನು ಹೋದಾಗ ಆ ಟೇಬಲ್ ಮೇಲೆ ಒಗೆದ ಬಟ್ಟೆಯ ರಾಶಿ ಇತ್ತು. ಮಡಚಲು ಹದವಾದ ಎತ್ತರ ಅಂತ ಅವರ ಹೆಂಡತಿ ನಗುತ್ತಾ ಹೇಳಿದರು.

ಹಳೆಯ ಟೇಬಲ್ ಬಿಚ್ಚಿ ಜೋಡಿಸಲು ಗೊತ್ತು ಮಾಡಿದ್ದ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆಯೂ ಅದೇ: ಮನೆಯಲ್ಲಿ ಯಾರು ಯಾರು ಆಡ್ತಾರೆ? ನಾನು, ನನ್ನ ಹೆಂಡತಿ, ಮಗಳು, ವಾರಾಂತ್ಯಕ್ಕೆ ಬರುವ ಇಬ್ಬರು ಗೆಳೆಯರು ಅಂದೆ. ಅವನು ಪಾಕೆಟ್‌ಗೆ ಬೆರಳು ತೂರಿಸಿ, ರಬ್ಬರ್ ಒತ್ತಿ ನೋಡಿ, 'ಐದು ಜಾಸ್ತಿ ಆಯ್ತು, ನಾಲ್ಕೂವರೆ ಒಳಗೆ ಹೋಗ್ಬೇಡಿ' ಅಂದ. ಅವನ ಲೆಕ್ಕದಲ್ಲಿ ಇನ್ನೊಂದು ಅಂಶವೂ ಇತ್ತು. ಎಂಟು ಅಡಿಯ ಟೇಬಲ್‌ನಲ್ಲಿ ಹೊಡೆತದ ದೂರ ಕಮ್ಮಿ. ದೂರ ಕಮ್ಮಿ ಆದರೆ ಅದೇ ಪಾಕೆಟ್ ಸುಲಭವಾಗುತ್ತದೆ. ಒಂಬತ್ತು ಅಡಿಯಲ್ಲಿ 5 ಇಂಚು ಹೇಗೋ ನಡೆದೀತು, ಎಂಟರಲ್ಲಿ ಸಪ್ಪೆ. ಹಾಗಾಗಿ 4⅝. ನಿಯಮದ ಅಳತೆಯ ಉದಾರ ತುದಿ. ಸೈಡ್ ಪಾಕೆಟ್ 5⅛. ಸೈಡ್ ಯಾವತ್ತೂ ಕಾರ್ನರ್‌ಗಿಂತ ಅರ್ಧ ಇಂಚು ಅಗಲ ಇರುವುದು ರೂಢಿ. ಅಲ್ಲಿ ಬಾಲ್ ಓರೆಯಾಗಿ ಬಂದರೆ ಬಾಯಿ ತೀರಾ ಕಿರಿದಾಗಿ ಕಾಣುತ್ತದೆ, ಅದಕ್ಕೆ.

ಬಾಯಿ ಕಿರಿದು ಮಾಡುವುದರಲ್ಲಿ ಎರಡು ದಾರಿ. ಕುಶನ್ ತುದಿಯಲ್ಲಿ ಫೇಸಿಂಗ್ ಅಂತ ಒಂದು ಗಟ್ಟಿ ರಬ್ಬರ್ ಪಟ್ಟಿ ಇರುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು ಅಂತ ಪಟ್ಟಿ ಅಂಟಿಸುತ್ತಾ ಹೋಗುವುದು ಅಗ್ಗದ ದಾರಿ. ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆದರೆ ಪಟ್ಟಿಯ ದಪ್ಪ ಕಾಲು ಇಂಚು ದಾಟಬಾರದು ಅಂತ ನಿಯಮವೇ ಇದೆ, ಅದಕ್ಕೆ ಕಾರಣವೂ ಇದೆ. ಪಟ್ಟಿಗಳು ಹೆಚ್ಚಾದಂತೆ ತುದಿ ಮೆದುವಾಗುತ್ತದೆ. ಅಲ್ಲಿ ತಾಗಿದ ಬಾಲ್ ಒಮ್ಮೆ ಸತ್ತ ಹಾಗೆ ನಿಲ್ಲುತ್ತದೆ, ಇನ್ನೊಮ್ಮೆ ಎಲ್ಲಿಗೋ ಚಿಮ್ಮುತ್ತದೆ. ಸರಿಯಾದ ದಾರಿ ಅಂದರೆ ರೈಲ್ ಒಳಗಿನ ಮರವನ್ನೇ ಉದ್ದ ಮಾಡಿ, ಹೊಸ ರಬ್ಬರ್ ಪೂರ್ತಿ ಉದ್ದಕ್ಕೆ ಅಂಟಿಸಿ, ತುದಿಯನ್ನು ಸರಿಯಾದ ಕೋನಕ್ಕೆ ಹೊಸದಾಗಿ ಕೊಯ್ಯುವುದು. ಆಮೇಲೆ ಒಂದೇ ಒಂದು ಫೇಸಿಂಗ್. ಖರ್ಚು ಜಾಸ್ತಿ. ರೈಲ್‌ಗಳು ಕೆಲವು ವಾರ ಮೆಕ್ಯಾನಿಕ್‌ನ ಕೆಲಸದ ಕೋಣೆಯಲ್ಲೇ ಇದ್ದವು. ನಾನು ಈ ದಾರಿಯನ್ನೇ ಹಿಡಿದೆ, ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಹಳೆಯ ರಬ್ಬರ್ ಹೇಗೂ ಒಂದು ದಿನ ಬದಲಾಗಬೇಕಿತ್ತು.

ಒಂದು ಕಡೆ ರೈಲ್ ಕೊಯ್ಯುವಾಗ ಪಕ್ಕದಲ್ಲೇ ಇದ್ದೆ. ತುದಿಯನ್ನು ಎರಡು ಕಡೆ ಓರೆ ಮಾಡಬೇಕು: ಮೇಲಿನಿಂದ ನೋಡಿದಾಗ 142 ಡಿಗ್ರಿ, ಪಕ್ಕದಿಂದ ನೋಡಿದಾಗ ಕೆಳಮುಖವಾಗಿ ಒಳಕ್ಕೆ 12ರಿಂದ 15 ಡಿಗ್ರಿ. ಈ ಎರಡನೇ ಓರೆ ಇಲ್ಲದಿದ್ದರೆ ಜೋರಾಗಿ ಬಂದ ಬಾಲ್ ಕೆಳಗಿಳಿಯದೆ ಹಾರುತ್ತದೆ. ಗರಗಸ ಹೋದ ಮೇಲೆ ಅವನು ಅಂಗೈಯಲ್ಲಿ ತುದಿ ಸವರಿ, ಮರಳು ಕಾಗದದಲ್ಲಿ ನಾಲ್ಕು ಸಲ ಉಜ್ಜಿ, ಮತ್ತೆ ಸವರಿದ. ಬಟ್ಟೆಯ ಅಡಿಯಲ್ಲಿ ಮುಚ್ಚಿಹೋಗುವ ಕೆಲಸ. ಬಾಲ್‌ಗೆ ಮಾತ್ರ ಗೊತ್ತಾಗುತ್ತದೆ.

ಜೋಡಿಸುವ ದಿನದ ಬಗ್ಗೆ ಎರಡು ಮಾತು ಸಾಕು. ಸ್ಲೇಟ್‌ನ ಒಂದೊಂದು ತುಂಡು ಸುಮಾರು 70 ಕೆಜಿ, ಬಾಗಿಲಲ್ಲಿ ತಿರುಗಿಸುವಾಗ ಮನೆಯವರೆಲ್ಲ ಉಸಿರು ಬಿಗಿ ಹಿಡಿದಿದ್ದರು. ಮೂರನ್ನೂ ಚೌಕಟ್ಟಿನ ಮೇಲೆ ಕೂರಿಸಿ, ಮಟ್ಟಗೋಲು ಇಟ್ಟು, ತೆಳುವಾದ ಬೆಣೆಗಳನ್ನು ತುರುಕಿ ಸಮ ಮಾಡಿದರು. ಸಂದಿಗೆ ಜೇನುಮೇಣ ಕರಗಿಸಿ ಸುರಿದು, ಆರಿದ ಮೇಲೆ ಅಂಚಿನಿಂದ ಕೆರೆದರು. ಬೆರಳು ಆಡಿಸಿದರೆ ಸಂದಿ ಎಲ್ಲಿದೆ ಅಂತ ತಿಳಿಯಲಿಲ್ಲ. ಬಟ್ಟೆ ಹಾಕುವ ಮುಂಚೆ ಇದನ್ನು ನೀವೇ ಬೆರಳಿಟ್ಟು ನೋಡಿ. ಆಮೇಲೆ ಯಾರೂ ಬಿಚ್ಚಿ ತೋರಿಸುವುದಿಲ್ಲ. ಬಟ್ಟೆಗೆ ಜುಂಗಿಲ್ಲದ ಉಣ್ಣೆಯದ್ದನ್ನೇ ಆರಿಸಿದೆ, ಬಾಲ್ ದಿಕ್ಕು ತಪ್ಪದೆ ವೇಗವಾಗಿ ಉರುಳುತ್ತದೆ. ದೀಪ ಟೇಬಲ್ ಮೇಲಿಂದ 40 ಇಂಚು ಎತ್ತರಕ್ಕೆ ತೂಗುಹಾಕಿದೆವು. ಅದಕ್ಕಿಂತ ಕೆಳಗೆ ಬಂದರೆ ತಲೆಗೆ ಬಡಿಯುತ್ತದೆ.

ಕೆಲಸ ಮುಗಿದ ಮೇಲೆ ಮೊದಲು ಮಾಡಿದ್ದು ಎರಡು ಬಾಲ್ ಇಟ್ಟು ನೋಡುವುದು. ನಾಲ್ಕು ಮೂಲೆಯಲ್ಲೂ ಎರಡು ಬಾಲ್ ಕೂತು, ಜೊತೆಗೆ ಎಂಟನೇ ಒಂದು ಇಂಚಿನಷ್ಟು ಸಂದಿ. ಎಲ್ಲ ಮೂಲೆಯಲ್ಲೂ ಒಂದೇ ಥರ ಇದ್ದದ್ದು ನನಗೆ ಅಳತೆಗಿಂತ ಹೆಚ್ಚು ಖುಷಿ ಕೊಟ್ಟಿತು. ಒಂದು ಮೂಲೆ ಸಡಿಲ, ಒಂದು ಬಿಗಿ ಇರುವ ಟೇಬಲ್‌ನಲ್ಲಿ ಗೊತ್ತಿಲ್ಲದೆಯೇ ಎಲ್ಲರೂ ಸಡಿಲ ಮೂಲೆ ಕಡೆಗೇ ಆಡುತ್ತಾರೆ. ಆಟವೇ ಒಂದು ಕಡೆಗೆ ವಾಲುತ್ತದೆ.

ಈಗ ಆಡುತ್ತಾ ಒಂದಷ್ಟು ಕಾಲ ಆಯಿತು. ಎಂಟು-ಬಾಲ್ ಆಟ ಒಂದು ಹತ್ತು ಹದಿನೈದು ನಿಮಿಷಕ್ಕೆ ಮುಗಿಯುತ್ತದೆ, ಇನ್ನೊಂದು ಆಡೋಣ ಅನ್ನಿಸುವ ಹದ. ಹೆಂಡತಿಯ ಮೆತ್ತನೆಯ ಹೊಡೆತಗಳನ್ನು ಪಾಕೆಟ್ ಗೌರವದಿಂದ ತಗೊಳ್ಳುತ್ತದೆ. ಮಗಳು ರೈಲ್ ಗುಂಟ ಗುಂಡಿನ ಹಾಗೆ ಹೊಡೆಯುತ್ತಾಳೆ, ಅರ್ಧಕ್ಕರ್ಧ ವಾಪಸ್ ಬರುತ್ತದೆ, ಪಾಕೆಟ್ ಸರಿ ಇಲ್ಲ ಅಂತ ಅವಳ ದೂರು. ಇತ್ತೀಚೆಗೆ ಕೈ ಸ್ವಲ್ಪ ಹಗುರ ಮಾಡಿದ್ದಾಳೆ. ದೂರು ಮಾತ್ರ ಹಾಗೇ ಇದೆ. ನನ್ನ ಒಂಟಿ ಅಭ್ಯಾಸಕ್ಕೆ 4⅝ ಸ್ವಲ್ಪ ಉದಾರವೇ, ಅಲ್ವಾ ಅಂದರೆ ಹೌದು. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದೇನೆ: ಬಾಲ್ ಬಿದ್ದರೆ ಸಾಲದು, ಯಾವ ಬದಿಗೂ ತಾಗದೆ ಬಿದ್ದರೆ ಮಾತ್ರ ಲೆಕ್ಕಕ್ಕೆ. ಕಿವಿಗೇ ಗೊತ್ತಾಗುತ್ತದೆ, ತಾಗಿದ್ದರೆ ಒಂದು 'ಟಪ್' ಜಾಸ್ತಿ ಕೇಳುತ್ತದೆ. ಬಟ್ಟೆಯ ಮೆರುಗು ಹೋಗುತ್ತಾ ಬಂದಿದೆ, ಮೂಲೆಗಳು ಈಗಾಗಲೇ ಒಂಚೂರು ಜಿಪುಣವಾಗಿವೆ. ಮುಂದಿನ ಸಲ ಬಟ್ಟೆ ಬದಲಿಸುವಾಗ ಫೇಸಿಂಗ್ ಸವೆದಿದೆಯಾ ಅಂತ ನೋಡಿಸುತ್ತೇನೆ. ಬಾಯಿಯ ಅಳತೆ ಮುಟ್ಟಿಸುವುದಿಲ್ಲ.